ಹಾರ್ಡ್ ಪದವನ್ನು ನಾನು ಕಲಿತ ಬಗೆ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಈ ಕೆಲಸದಲ್ಲಿ ಉದ್ದುದ್ದ ಪದಗಳು ಅಷ್ಟಾಗಿ ಕಾಡುವುದಿಲ್ಲ. ನಿಘಂಟು ತೆರೆದರೆ ಆಯಿತು. ಕಾಡುವುದು ಹಾರ್ಡ್‌ನಂಥ ಪುಟ್ಟ ಪದಗಳು. ಅದಕ್ಕೆ ಗಟ್ಟಿ, ಕಷ್ಟ ಎಂಬ ಅರ್ಥಗಳಿವೆ ಅಂತ ಎಲ್ಲರಿಗೂ ಗೊತ್ತು. ಆದರೆ ಹಾರ್ಡ್ ವಿಂಟರ್, ಹಾರ್ಡ್ ಎವಿಡೆನ್ಸ್ ಎದುರಾದಾಗ ಇವೆರಡೂ ಸಾಲುವುದಿಲ್ಲ.

ಅರ್ಥಗಳ ಪಟ್ಟಿಯನ್ನು ಉರು ಹೊಡೆಯುವ ದಾರಿ ನನಗೆ ಹಿಡಿಸಲಿಲ್ಲ. ಓದುವಾಗ ಹಾರ್ಡ್ ಸಿಕ್ಕಾಗಲೆಲ್ಲ ಅದರ ಮುಂದಿನ ನಾಮಪದವನ್ನೂ ಸೇರಿಸಿ ಬರೆದುಕೊಂಡೆ. ಪಕ್ಕದಲ್ಲಿ ಅದರ ವಿರುದ್ಧ ಪದ. ಹಾರ್ಡ್ ಚೇರ್‌ಗೆ ಸಾಫ್ಟ್. ಹಾರ್ಡ್ ಕ್ವೆಶ್ಚನ್‌ಗೆ ಈಸಿ. ಹಾರ್ಡ್ ವಿಂಟರ್‌ಗೆ ಮೈಲ್ಡ್. ಹಾರ್ಡ್ ವರ್ಕರ್‌ಗೆ ಲೇಜಿ. ವಿರುದ್ಧ ಪದ ಬೇರೆಯಾದರೆ ಅರ್ಥವೂ ಬೇರೆಯೇ ಅಲ್ವಾ? ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಆದರೆ ಸಾಫ್ಟ್ ಬಂದ ಕಡೆಯೆಲ್ಲ ಮೆತ್ತಗೆ ಅಂದುಕೊಳ್ಳುವಂತಿಲ್ಲ. ಹಾರ್ಡ್ ವಾಟರ್‌ಗೂ ವಿರುದ್ಧ ಪದ ಸಾಫ್ಟೇ. ಆದರೆ ಹಾರ್ಡ್ ವಾಟರ್ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಕರಗಿರುವ ನೀರು. ಅದರಲ್ಲಿ ಸೋಪು ಸರಿಯಾಗಿ ನೊರೆ ಬಿಡುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಗಡಸು ನೀರು ಎಂಬ ಒಳ್ಳೆಯ ಮಾತಿದೆ. ಹಾರ್ಡ್‌ವುಡ್ ಇನ್ನೂ ವಿಚಿತ್ರ. ಅದು ಮರದ ಜಾತಿಯನ್ನು ಹೇಳುತ್ತದೆ, ಗಟ್ಟಿತನವನ್ನಲ್ಲ. ಹಗುರ, ಮೃದು ಬಾಲ್ಸಾ ಮರ ಹೂ ಬಿಡುವ ಗುಂಪಿನದು, ಹಾಗಾಗಿ ಅದೂ ಹಾರ್ಡ್‌ವುಡ್. ಬಿಲ್ಲು ಮಾಡುತ್ತಿದ್ದ ಗಟ್ಟಿಮುಟ್ಟಾದ ಯೂ ಮರ ಹೂ ಬಿಡದ ಗುಂಪಿನದು, ಹಾಗಾಗಿ ಅದು ಸಾಫ್ಟ್‌ವುಡ್!

ಖನಿಜಗಳ ವಿಷಯದಲ್ಲಿ ಹಾರ್ಡ್‌ಗೆ ಬಹಳ ಖಚಿತವಾದ ಅರ್ಥವಿದೆ. ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಅಳತೆಪಟ್ಟಿಯಲ್ಲಿ ಟಾಲ್ಕ್ ಎಂಬ ಮೆತ್ತನೆಯ ಖನಿಜಕ್ಕೆ 1, ವಜ್ರಕ್ಕೆ 10. ಅಲ್ಲಿ ನೋಡುವುದು ಯಾವುದು ಯಾವುದರ ಮೇಲೆ ಗೀರು ಹಾಕುತ್ತದೆ ಎಂಬುದನ್ನು ಮಾತ್ರ. ಅದೇ ವಜ್ರ ಸುತ್ತಿಗೆ ಏಟಿಗೆ ಒಡೆಯಬಹುದು. ಆದ್ದರಿಂದ ಇಂಥ ಬರಹದಲ್ಲಿ ನಾನು ಗಟ್ಟಿ ಅನ್ನದೆ ಗಡಸು ಎಂದೇ ಬರೆಯುತ್ತೇನೆ.

ಹಾರ್ಡ್ಲಿ ಬಗ್ಗೆ ಒಂದೇ ಮಾತು. ಶೀ ವರ್ಕ್ಡ್ ಹಾರ್ಡ್ ಅಂದರೆ ಅವಳು ಕಷ್ಟಪಟ್ಟು ದುಡಿದಳು. ಶೀ ಹಾರ್ಡ್ಲಿ ವರ್ಕ್ಡ್ ಅಂದರೆ ಕೆಲಸ ಮಾಡಿದ್ದೇ ಅಪರೂಪ.

ಕನ್ನಡದ ಕಡೆಯಿಂದಲೂ ಒಂದು ಪಟ್ಟಿ ಮಾಡಿದೆ. ಗಟ್ಟಿ ದನಿ ಲೌಡ್. ಗಟ್ಟಿ ಹಗ್ಗ ಸ್ಟ್ರಾಂಗ್. ಗಟ್ಟಿಯಾಗಿ ಹಿಡಿದುಕೊ ಅನ್ನುವಲ್ಲಿ ಟೈಟ್. ಎಲ್ಲೂ ಹಾರ್ಡ್ ಇಲ್ಲ.

ಈಗ ಹಾರ್ಡ್ ಬಂದರೆ ಮೊದಲು ಅದರ ಪಕ್ಕದ ಪದಗಳನ್ನು ನೋಡುತ್ತೇನೆ. ಹಾರ್ಡ್ ಆಫ್ ಹಿಯರಿಂಗ್ ಅಂದರೆ ಕಿವಿ ಮಂದ. ಹಾರ್ಡ್ ಎವಿಡೆನ್ಸ್ ಅಂದರೆ ಅಲ್ಲಗಳೆಯಲಾಗದ ಸಾಕ್ಷ್ಯ. ಡೋಂಟ್ ಬಿ ಟೂ ಹಾರ್ಡ್ ಆನ್ ಹರ್ ಎಂಬಲ್ಲಿ ಆ ಆನ್ ಕಂಡೊಡನೆ ಕೈ ತಾನಾಗಿ ಬರೆಯುತ್ತದೆ: ಅವಳ ಮೇಲೆ ಅಷ್ಟೊಂದು ಬಿರುಸಾಗಬೇಡ.