ನೀರಿನ ಬಿಲ್ ಬಾಕಿ ಇದ್ದರೆ ಕಪಾಟಿನಲ್ಲಿ ಮುಚ್ಚಿಡಬೇಡಿ

ಬಾಕಿ ಬಿದ್ದ ಬಿಲ್ ಬಿಚ್ಚಿ ನೋಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ನನಗೂ ಹಾಗೇ ಆಗಿತ್ತು. ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ, ಮೂರು ಬಿಲ್ ಸಾಲಾಗಿ ಕಪಾಟು ಸೇರಿದವು. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆಮೇಲೆ ಕಟ್ಟಿದ್ದು ಬಾಕಿ ಒಂದೇ ಅಲ್ಲ. ತಡವಾಗಿದ್ದಕ್ಕೆ ದಂಡ, ನೀರು ನಿಲ್ಲಿಸಿದ್ದಕ್ಕೆ ಒಂದು ಶುಲ್ಕ, ಮತ್ತೆ ಬಿಡೋಕೆ ಇನ್ನೊಂದು. ಆ ಎರಡು ಶುಲ್ಕಕ್ಕೆ ಒಂದು ಕೊಡ ನೀರೂ ಬರಲಿಲ್ಲ, ಹೊಟ್ಟೆ ಉರಿದದ್ದು ಅದಕ್ಕೇ.

ಹಾಗಾಗಿ ನೋಟಿಸ್ ಬಂದ ದಿನವೇ ಎರಡು ವಿಷಯ ಹುಡುಕಿ. ನೀರು ನಿಲ್ಲಿಸುವ ತಾರೀಖು ಯಾವುದು, ಅದನ್ನು ತಪ್ಪಿಸೋಕೆ ಎಷ್ಟು ಕಟ್ಟಬೇಕು. ಎರಡನೆಯದು ಕೆಲವು ಸಲ ಪೂರ್ತಿ ಮೊತ್ತಕ್ಕಿಂತ ಕಡಿಮೆ ಇರುತ್ತದೆ, ಏಕೆಂದರೆ ಈಚಿನ ಬಿಲ್ಲಿಗೆ ಇನ್ನೂ ಗಡುವು ಮುಗಿದಿರುವುದಿಲ್ಲ. ಅಷ್ಟೂ ಕೈಲಿಲ್ಲವಾದರೆ ಆ ತಾರೀಖಿಗೆ ಮುಂಚೆ ಕಚೇರಿಗೆ ಹೋಗಿ ಕಂತು ಕೇಳಿ. ಮನೆಯಲ್ಲಿ ಎಳೆ ಮಗು, ಹಾಸಿಗೆ ಹಿಡಿದವರು ಇದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ: ಸುಮ್ನೆ ಅರ್ಧ ಕಟ್ಟಿ ಬಂದರೆ ನೀರು ನಿಲ್ಲಿಸುವುದಿಲ್ಲ ಅಂತ ಅರ್ಥ ಅಲ್ಲ. ಕಂತಿಗೆ ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ಅದಾಗದಿದ್ದರೆ ಮಾತಾಡಿದವರ ಹೆಸರು, ತಾರೀಖು, ಹೇಳಿದ ಮೊತ್ತ ಅಲ್ಲೇ ಬರೆದಿಟ್ಟುಕೊಳ್ಳಿ. ಕಂತು ಕಟ್ಟುವಾಗ ಹೊಸ ಬಿಲ್ಲನ್ನೂ ಬಿಡಬೇಡಿ, ಒಂದು ಕಂತು ತಪ್ಪಿದರೆ ಒಪ್ಪಂದವೇ ಮುರಿಯಬಹುದು.

ದುಡ್ಡು ಕೊನೇ ದಿನ ಆನ್‌ಲೈನ್‌ನಲ್ಲಿ ಕಟ್ಟಿದರೆ ಅವರ ಲೆಕ್ಕಕ್ಕೆ ಸೇರೋಕೆ ಒಂದೆರಡು ದಿನ ಹಿಡಿಯಬಹುದು. ಅಷ್ಟರಲ್ಲಿ ವಾಲ್ವ್ ಮುಚ್ಚೋಕೆ ಆಳು ಬಂದೇ ಬಿಡುತ್ತಾನೆ. ರಸೀದಿ ಫೋನಿನಲ್ಲೂ ಇರಲಿ, ಕಾಗದದಲ್ಲೂ ಇರಲಿ.

ಇನ್ನು, ಬಿಲ್ ಯಾಕೆ ಇಷ್ಟು ಜಾಸ್ತಿ ಬಂತು ಅಂತ ನೋಡಿದ್ದೀರಾ? ಇದನ್ನೇ ನಾವು ಮರೆಯೋದು. ಮೊದಲು ಬಿಲ್ಲಿನಲ್ಲಿರೋ ರೀಡಿಂಗ್, ಮೀಟರಿನಲ್ಲಿರೋ ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡಿ. ಮೀಟರ್ ಓದದೆ ಅಂದಾಜಿಗೆ ಬಿಲ್ ಹಾಕಿರುವುದೂ ಉಂಟು. ಸಾಮಾನ್ಯವಾಗಿ ಕಪ್ಪು ಅಂಕೆಗಳು ಕಿಲೋಲೀಟರ್, ಅಂದರೆ 1000 ಲೀಟರಿನ ಲೆಕ್ಕ. ಕೆಂಪು ಅಂಕೆ ಅದಕ್ಕಿಂತ ಕಡಿಮೆಯದು. ವ್ಯತ್ಯಾಸ ಕಂಡರೆ ಮೀಟರಿನ ಫೋಟೋ ತೆಗೆದು, ಗಡುವಿನೊಳಗೆ ದೂರು ಬರೆದು ಕೊಡಿ.

ರೀಡಿಂಗ್ ಸರಿ ಇದ್ದರೆ ಸೋರಿಕೆ ಹುಡುಕಿ. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಮುಚ್ಚಿ, ಕೆಂಪು ಅಂಕೆಯನ್ನೂ ಸೇರಿಸಿ ರೀಡಿಂಗ್ ಬರೆದಿಡಿ. ಯಾರೂ ನೀರು ಬಳಸದೆ ಬೆಳಿಗ್ಗೆ ಅದು ಮುಂದೆ ಹೋಗಿದ್ದರೆ ಎಲ್ಲೋ ಹರಿಯುತ್ತಿದೆ ಅಂತಲೇ. ಮೇಲೆ ಟ್ಯಾಂಕ್ ಇದ್ದರೆ ಅದು ತುಂಬಿ ನಿಂತ ಮೇಲೆ ಈ ಪರೀಕ್ಷೆ ಮಾಡಿ. ನಮ್ಮ ಮನೆಯ ಕಳ್ಳ ಸಿಕ್ಕಿದ್ದು ಫ್ಲಶ್ ಟ್ಯಾಂಕಿನಲ್ಲಿ. ಅದರೊಳಗೆ ನಾಲ್ಕು ಹನಿ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕೆಳಗೆ ಕಮೋಡಿನಲ್ಲಿ ತೆಳ್ಳಗೆ ಬಣ್ಣ ಇಳಿದಿತ್ತು, ಸದ್ದೇ ಇಲ್ಲ. ಒಳಗಿನ ರಬ್ಬರ್ ಸವೆದಿತ್ತು ಅಷ್ಟೇ. ಅದನ್ನು ಬದಲಿಸಿದ ಮೇಲೆ ಮುಂದಿನ ಬಿಲ್ ಇಳಿಯಿತು.

ಬಾಡಿಗೆ ಮನೆಗೆ ಹೋಗುವವರು, ಮನೆ ಕೊಳ್ಳುವವರು ಹಳೇ ಬಾಕಿ ಇಲ್ಲ ಅನ್ನೋ ಕಾಗದ ನೋಡಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಯಾರದೋ ಸಾಲಕ್ಕೆ ನಿಮ್ಮ ನಲ್ಲಿ ಒಣಗುತ್ತದೆ.

ನೀರು ನಿಂತೇ ಹೋಗಿದೆಯಾ? ವಾಲ್ವನ್ನು ನೀವೇ ತಿರುಗಿಸಬೇಡಿ, ಸೀಲ್ ಒಡೆಯಬೇಡಿ. ಅದಕ್ಕೆ ಬೇರೆ ದಂಡ ಬೀಳುತ್ತದೆ, ಕೇಸೂ ಆಗಬಹುದು. ಹಣ ಕಟ್ಟುವಾಗಲೇ ಎಷ್ಟು ಹೊತ್ತಿಗೆ ಬಿಡುತ್ತೀರಿ ಅಂತ ಕೇಳಿ, ಅಷ್ಟರೊಳಗೆ ಎಲ್ಲ ನಲ್ಲಿ ಮುಚ್ಚಿದೆಯಾ ನೋಡಿ. ಬಂತಾ ಬಂತಾ ಅಂತ ತಿರುಗಿಸಿ ನೋಡಿ ಹಾಗೇ ಬಿಟ್ಟಿರುತ್ತೇವೆ, ಅಲ್ವಾ? ಯಾರೂ ಇಲ್ಲದಾಗ ನೀರು ಬಂದರೆ ಮನೆಯೆಲ್ಲ ಕೆರೆ. ಮೊದಲು ಬರುವ ಕಲಕು ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸೋಕೆ ಇಟ್ಟುಕೊಳ್ಳಿ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬರುವ ತನಕ ಗೀಸರ್ ಹಾಕಬೇಡಿ. ಆಮೇಲೆ ಮೀಟರ್ ಹತ್ತಿರ ಹೋಗಿ ಅವತ್ತಿನ ರೀಡಿಂಗ್ ಬರೆದುಕೊಳ್ಳಿ, ಮುಂದಿನ ಬಿಲ್ ಬಂದಾಗ ಅಲ್ಲಿಂದಲೇ ಲೆಕ್ಕ ಹಾಕಬೇಕು.