ಕುತ್ತಿಗೆಯ ಗಂಟು: ಸೂಜಿ ಯಾವಾಗ, ಇಡೀ ಗಂಟು ಯಾವಾಗ

ಮುಂಬೈ ಉಪನಗರದ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿರುವ ನಾನು ಮಾಡುವ ಸೂಜಿ ಪರೀಕ್ಷೆಗಳಲ್ಲಿ ಹೆಚ್ಚಿನವು ಕುತ್ತಿಗೆಯ ಗಂಟಿನವು. ಈ ಊರಿನಲ್ಲಿ ಅಂಥ ಗಂಟನ್ನು ಮುಟ್ಟಿದೊಡನೆ ಮೊದಲು ನೆನಪಾಗುವುದು ಕ್ಷಯ. ಆದರೆ ಲಿಂಫೋಮವೂ (ಇದೇ ಬಗೆಯ ಗಂಟುಗಳಲ್ಲಿ ಹುಟ್ಟುವ ಬಿಳಿ ರಕ್ತಕಣಗಳ ಕ್ಯಾನ್ಸರ್) ಬಾಯಿಯ ಕ್ಯಾನ್ಸರಿನಿಂದ ಹರಡಿದ ಗಡ್ಡೆಯೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ತೆಗೆದದ್ದು ಯಾವ ಯಾವ ಪರೀಕ್ಷೆಗೆ ಹೋಗಬೇಕೆಂಬುದನ್ನು ಸೂಜಿ ಹಿಡಿಯುವ ಮೊದಲೇ ನಿರ್ಧರಿಸಿಕೊಳ್ಳುತ್ತೇನೆ.

ಸೂಜಿಯಿಂದ ಜೀವಕೋಶಗಳನ್ನು ಹೀರಿ ನೋಡುವ ಪರೀಕ್ಷೆಗೆ, ಅಂದರೆ ಎಫ್‌ಎನ್‌ಎಸಿಗೆ, ನಾನು ಬಳಸುವುದು 23 ಅಥವಾ 24 ಗೇಜಿನ ಸಪೂರ ಸೂಜಿ. ಹೀರಿದ್ದನ್ನು ಹಚ್ಚಿದ ಗಾಜಿನ ಸ್ಲೈಡುಗಳಲ್ಲಿ ಕೆಲವನ್ನು ಒಣಗಲು ಬಿಡದೆ 95% ಆಲ್ಕೋಹಾಲಿನಲ್ಲಿ ಮುಳುಗಿಸುತ್ತೇನೆ, ಉಳಿದವನ್ನು ಗೀಮ್ಸಾ ಬಣ್ಣಕ್ಕಾಗಿ ಗಾಳಿಯಲ್ಲಿ ಒಣಗಿಸುತ್ತೇನೆ. ಇಲ್ಲಿನ ಮಳೆಗಾಲದ ತೇವದಲ್ಲಿ ಸ್ಲೈಡ್ ನಿಧಾನವಾಗಿ ಒಣಗಿ ಜೀವಕೋಶಗಳ ಆಕಾರ ಕೆಡುವುದರಿಂದ, ಮೇಜಿನ ಮೇಲೆ ಸಣ್ಣ ಫ್ಯಾನೊಂದನ್ನು ಇಟ್ಟುಕೊಂಡಿದ್ದೇನೆ. ಸೂಜಿಯಲ್ಲಿ ಕೀವಿನಂಥದ್ದು ಬಂದರೆ ಸ್ವಲ್ಪವನ್ನು ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸುವ ಜೀಲ್-ನೀಲ್ಸನ್ ಬಣ್ಣಕ್ಕೆ ಬಳಸಿ, ಮಿಕ್ಕದ್ದನ್ನು ಕ್ರಿಮಿರಹಿತ ಟ್ಯೂಬಿನಲ್ಲಿ ಸಿಬಿನ್ಯಾಟ್ ಎಂಬ ಜೀನ್ ಪರೀಕ್ಷೆಗೂ ಕಲ್ಚರಿಗೂ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಕಳುಹಿಸುತ್ತೇನೆ. ಸಿಬಿನ್ಯಾಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನೂ ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ತೋರಿಸಬಲ್ಲದು. ಔಷಧಕ್ಕೆ ಬಗ್ಗದ ಕ್ಷಯ ಸಾಮಾನ್ಯವಾಗಿರುವ ಮುಂಬೈಯಲ್ಲಿ ಈ ಎರಡನೆಯ ಉತ್ತರ ಮೊದಲನೆಯದರಷ್ಟೇ ಮುಖ್ಯ.

ಲಿಂಫೋಮದ ಅನುಮಾನವಿದ್ದಾಗ ಸೂಜಿಯ ಉತ್ತರವನ್ನು ನಾನು ಕೊನೆಯದೆಂದು ಒಪ್ಪುವುದಿಲ್ಲ. ಹಾಡ್ಜ್‌ಕಿನ್ ಲಿಂಫೋಮದಲ್ಲಿ ರೋಗದ ಜೀವಕೋಶಗಳು ವಿರಳ, ಸುತ್ತಲಿನವೆಲ್ಲ ಸಾಧಾರಣ ಬಿಳಿ ರಕ್ತಕಣಗಳು. ಜೊತೆಗೆ ಕ್ಷಯವನ್ನು ನೆನಪಿಸುವ ಗ್ರಾನ್ಯುಲೋಮಗಳೂ (ಉರಿಯೂತದ ಜೀವಕೋಶಗಳ ಪುಟ್ಟ ಗುಂಪುಗಳು) ಇರಬಹುದು. ಗಂಟಿನ ಒಳರಚನೆ ಕಂಡರೆ ಮಾತ್ರ ಅದರ ಬಗೆಯನ್ನು ಹೇಳಲು ಸಾಧ್ಯ, ಹಾಗಾಗಿ ಇಡೀ ಗಂಟನ್ನೇ ತೆಗೆಸುತ್ತೇನೆ. ಎದೆಯೊಳಗೋ ಹೊಟ್ಟೆಯೊಳಗೋ ಇದ್ದರೆ ಸ್ಕ್ಯಾನಿನ ನೆರವಿನಿಂದ ದಪ್ಪ ಸೂಜಿಯಿಂದ ಅಂಗಾಂಶದ ತುಂಡು ತೆಗೆಯುವ ಕೋರ್ ಬಯಾಪ್ಸಿ. ಅಂದಾಜಿನ ಮೇಲೆ ಕ್ಷಯದ ಮಾತ್ರೆ ಶುರುಮಾಡಿದ ಮೇಲೂ ಗಂಟು ಬೆಳೆಯುತ್ತಲೇ ಇದ್ದರೆ, ಮತ್ತೆ ಸೂಜಿ ಹಾಕುವುದಕ್ಕಿಂತ ಗಂಟನ್ನು ತೆಗೆಸುವುದೇ ಲೇಸು.

ತೆಗೆದ ಗಂಟನ್ನು ಹಾಗೆಯೇ, ಅಂಗಾಂಶವನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಹಾಕುವುದು ಆಪರೇಷನ್ ಥಿಯೇಟರುಗಳ ಹಳೆಯ ರೂಢಿ. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಮೇಲೆ ಕಲ್ಚರ್ ಅಸಾಧ್ಯ. ಆದ್ದರಿಂದ ಸರ್ಜನ್ನರಿಗೆ ಮುಂಚೆಯೇ ಫೋನ್ ಮಾಡಿ, ಒಂದು ತುಂಡನ್ನು ಸಲೈನಿನಲ್ಲಿಯೂ ಉಳಿದದ್ದನ್ನು ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿಯೂ ಕಳುಹಿಸಲು ಹೇಳುತ್ತೇನೆ.

ಉಡುಪಿ ಕಡೆಯ ಹಿರಿಯ ಹೋಟೆಲಿಗರೊಬ್ಬರು, "ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡ್ತದಂತಲ್ಲ ಡಾಕ್ಟ್ರೇ?" ಎಂದು ಕೇಳಿದ್ದರು. ಕುತ್ತಿಗೆಯ ಗಂಟಿಗೆ ಸಪೂರ ಸೂಜಿ ಹಾಕಿದಾಗ ಹಾಗಾಗುವುದು ತೀರಾ ಅಪರೂಪ. ಆದರೆ ವೃಷಣದ ಗಡ್ಡೆ ಕ್ಯಾನ್ಸರೆಂಬ ಅನುಮಾನವಿದ್ದಲ್ಲಿ ಚರ್ಮದ ಮೂಲಕ ಸೂಜಿ ಹಾಕಬಾರದು. ಆ ಹೋಟೆಲಿಗರ ಬಾಯಲ್ಲಿ ಹುಣ್ಣೂ ಇತ್ತು. ಅದರ ನಡುವೆ ಸತ್ತ ಅಂಗಾಂಶವೇ ಸಿಗುವುದರಿಂದ, ಪಂಚ್ ಬಯಾಪ್ಸಿಯನ್ನು (ಚಿಕ್ಕ ತುಂಡನ್ನು ಕೊರೆದು ತೆಗೆಯುವುದು) ಅಂಚಿನಿಂದ ತೆಗೆಸಿದೆ.

ಎರಡನೆಯ ಅಭಿಪ್ರಾಯಕ್ಕೆ ಪರೇಲಿನ ಟಾಟಾ ಆಸ್ಪತ್ರೆಗೆ ಹೊರಟವರಿಗೆ ವರದಿಯ ಜೊತೆ ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕುಗಳನ್ನೂ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶ) ಕೊಟ್ಟು ಕಳುಹಿಸುತ್ತೇನೆ. ಬ್ಲಾಕ್ ಇದ್ದರೆ ಅಲ್ಲಿ ಅದರಿಂದಲೇ ಹೊಸ ಪದರಗಳನ್ನು ಕತ್ತರಿಸಿ, ಜೀವಕೋಶಗಳ ಪ್ರೋಟೀನುಗಳಿಂದ ಅವುಗಳ ಬಗೆ ಗುರುತಿಸುವ ಇಮ್ಯುನೊ ಪರೀಕ್ಷೆ ಮಾಡಬಹುದು; ಎಷ್ಟೋ ಸಲ ಮತ್ತೆ ಬಯಾಪ್ಸಿ ಮಾಡುವ ಪ್ರಸಂಗವೇ ಬರುವುದಿಲ್ಲ.