ಒಂದು ಸರ, 18 ನಿಮಿಷ

ಜಪ ಮಾಡುತ್ತಾ ಉಸಿರು ನಿಧಾನಿಸಿ ಬಿಪಿ ಇಳಿಸುವುದು ಕೊನೆಗೂ ಕೈಗೂಡಿತು. "ಕಣ್ಣು ಮುಚ್ಚಿ ಕೂತರೆ ಬಿಪಿ ಇಳಿಯುತ್ತೇನಪ್ಪಾ?" ಎಂದು ಮೂರು ವರ್ಷದಿಂದ ಕೇಳುತ್ತಿದ್ದ ನಮ್ಮ ಭಾವನಿಗೆ ಹೋದ ವಾರ ನನ್ನ ಬಿಪಿ ಬರೆದಿಟ್ಟ ನೋಟ್‌ಬುಕ್ ತೋರಿಸಿದೆ. ಎರಡು ಸಲ ತಿರುವಿ ನೋಡಿದರು.

ಮೊದಲ ವರ್ಷ ಪೂರ್ತಿ ದಂಡ. ಯೋಚನೆಯೇ ಬರಬಾರದು ಎಂದು ಹಟ ಹಿಡಿದು ಬೆಳಗಿನ ನಾಲ್ಕೂವರೆಗೆ ಪದ್ಮಾಸನ ಹಾಕುತ್ತಿದ್ದೆ. ಮಂಡಿ ನೋವು ಬಂತು, ನಿದ್ದೆ ಕೆಟ್ಟಿತು. ಬಿಪಿ ಮಾತ್ರ 150ರ ಆಸುಪಾಸಿನಲ್ಲೇ. ಆಮೇಲೆ ಒಂದು ಶಿಬಿರಕ್ಕೆ ಎಂಟು ಸಾವಿರ ಕೊಟ್ಟೆ. ಅಲ್ಲಿ ಜೋರು ಜೋರಾಗಿ ಉಸಿರಾಡಿಸಿದರು. ಬೆರಳು ಜುಮ್ಮೆಂದಿತು, ತಲೆ ತಿರುಗಿತು. ಶಕ್ತಿ ಏಳುತ್ತಿದೆ ಎಂದರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಹಾಗೇ ಆಗುವುದು! ಆ ದುಡ್ಡಿಗೆ ನಾಲ್ಕು ಬಿಪಿ ಮೆಷಿನ್ ಬರುತ್ತಿತ್ತು.

ದಾರಿ ಸಿಕ್ಕಿದ್ದು ಅಜ್ಜಿಯ ತುಳಸಿಮಣಿ ಸರದಿಂದ. ಇಟಲಿಯ ಸಂಶೋಧಕ ಲುಚಿಯಾನೊ ಬರ್ನಾರ್ಡಿಯವರ ತಂಡ 2001ರಲ್ಲಿ ಒಂದು ಪರೀಕ್ಷೆ ಮಾಡಿತ್ತು. ಕ್ರೈಸ್ತರ ಲ್ಯಾಟಿನ್ ಪ್ರಾರ್ಥನೆ ಆವೆ ಮರಿಯಾ ಹೇಳಿಸಿದರೂ ಬೌದ್ಧರ 'ಓಂ ಮಣಿ ಪದ್ಮೇ ಹೂಂ' ಮಂತ್ರ ಹೇಳಿಸಿದರೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತ್ತು. ಒಂದು ಉಸಿರಿಗೆ 10 ಸೆಕೆಂಡ್ ಆಯಿತು. ಹಾಗಾದರೆ ಮಣಿಗೊಂದು ಉಸಿರಿನಂತೆ 108 ಮಣಿಗೆ 18 ನಿಮಿಷ. ಸರವೇ ಗಡಿಯಾರ, ಅಲ್ವಾ? ಹದಿಮೂರಕ್ಕೇ ಮುಗಿದರೆ ಅವಸರ ಮಾಡಿದ್ದೀರಿ ಎಂದು ತಿಳಿಯಿರಿ. 'ಓಂ ನಮೋ ನಾರಾಯಣಾಯ'ವನ್ನು ನಾನು ಎಲ್ಲಿ ಎಳೆಯುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ ಎಂಬುದನ್ನು ಈಗ ಹೇಳುವುದಿಲ್ಲ. ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ನಡುವೆ ಸುಮ್ನೆ ಕುತೂಹಲಕ್ಕೆ ಎದೆಗೆ ಕಟ್ಟುವ ಹಾರ್ಟ್‌ರೇಟ್ ಬೆಲ್ಟ್ ತಂದೆ. ಆರು ಸಾವಿರ ಚಿಲ್ಲರೆ. ಉಸಿರು ಎಳೆದಾಗ ಬಡಿತ 64ರಿಂದ 76ಕ್ಕೆ ಏರಿತು, ಬಿಟ್ಟಾಗ ಮೆಲ್ಲಗೆ ಇಳಿಯಿತು. ಮೊದಲು ಗರಗಸದ ಹಲ್ಲಿನಂತಿದ್ದ ಗೆರೆ ಏಳನೇ ನಿಮಿಷಕ್ಕೆ ಕೆರೆಯ ಅಲೆಯ ಹಾಗೆ ನುಣುಪಾಯಿತು. ಹೃದಯದ ಬಡಿತವನ್ನು ನಿಧಾನ ಮಾಡುವ ವೇಗಸ್ ನರದ ಕೆಲಸ ಕಣ್ಣೆದುರೇ! ಅವತ್ತು ನನಗೆ ನಿಜವಾಗಿ ಕಣ್ಣು ತುಂಬಿತು. ತಣ್ಣೀರು ಸ್ನಾನ ಮಾಡಿ ಕೂತೂ ನೋಡಿದೆ, ಏನೂ ಜಾಸ್ತಿ ಸಿಗಲಿಲ್ಲ.

ಮೆದುಳಿನ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಧ್ಯಾನಿಗಳ ಮೆದುಳಿನ ಹೊರಪದರ ಕೆಲವು ಕಡೆ ದಪ್ಪ ಎಂದು ಅಮೆರಿಕದ ಸಂಶೋಧಕಿ ಸಾರಾ ಲಾಜರ್ ಅವರ ತಂಡ 2005ರಲ್ಲಿ ತೋರಿಸಿತು ನಿಜ. ಆದರೆ 2022ರಲ್ಲಿ ಅಲ್ಲಿನದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಎಂಟು ವಾರ ಧ್ಯಾನ ಕಲಿಸಿ ಸ್ಕ್ಯಾನ್ ಮಾಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಎರಡು ತಿಂಗಳಲ್ಲಿ ಮೆದುಳು ಬೆಳೆಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ನನ್ನ ಲೆಕ್ಕ: ಐದು ತಿಂಗಳಲ್ಲಿ 148/94ರ ಸರಾಸರಿ 132/84ರ ಹತ್ತಿರ ಬಂದಿದೆ. ಊಟ, ವಾಕಿಂಗ್ ಮೊದಲಿನಂತೆಯೇ. ಮಾತ್ರೆ ನಾನಾಗಿ ಬಿಟ್ಟಿಲ್ಲ, ಡಾಕ್ಟರೇ ರೀಡಿಂಗ್ ನೋಡಿ ಡೋಸ್ ಅರ್ಧ ಮಾಡಿದರು.

ಈಗ ಅಮ್ಮನ ಸರದಿ. ಅವರಿಗೆ ರಾಯರ ಶ್ಲೋಕವೇ ಆಗಬೇಕಂತೆ. ಸಾಲು ಕೊಂಚ ಉದ್ದ, ಒಂದೇ ಉಸಿರಿಗೆ ಸಾಲುತ್ತಿಲ್ಲ. ಎಲ್ಲಿ ಮುರಿಯಬೇಕೆಂದು ಸೆಕೆಂಡ್ ಮುಳ್ಳು ನೋಡುತ್ತಾ ಕೂತಿದ್ದೇವೆ.